ಸೀಲ್ ಬದಲಿಸಿ ಬದಲಿಸಿ ಸಾಕಾಗಿತ್ತು: ಓರೆಯಾಗಿ ತಳ್ಳುತ್ತಿದ್ದ ಒಂದು ಸಿಲಿಂಡರಿನ ಪ್ರಕರಣ

ಆರು ವಾರ. ಗಾಳಿಯ ಒತ್ತಡದಲ್ಲಿ ರಾಡನ್ನು ಹೊರಗೆ ತಳ್ಳಿ ಒಳಗೆ ಎಳೆಯುವ ಆ ಸಿಲಿಂಡರಿನಲ್ಲಿ, ಗಾಳಿ ಸೋರದ ಹಾಗೆ ತಡೆಯುವ ಬಳೆಗೆ, ಅಂದ್ರೆ ಸೀಲಿಗೆ, ಇದ್ದ ಆಯಸ್ಸು ಅಷ್ಟೇ. ಏಳನೇ ವಾರ ಬಂತು ಅಂದ್ರೆ ರಾಡ್ ಹೊರಬರುವ ಬಾಯಿಂದ ಬುಸ್ ಅಂತ ಗಾಳಿ ಸೋರುವುದು ಶುರುವಾಗುತ್ತಿತ್ತು, ಆಪರೇಟರ್ ಫೋನ್ ಮಾಡುತ್ತಿದ್ದ, ನಾವು ಸೀಲ್ ಕಿಟ್ ಹಿಡಿದುಕೊಂಡು ಹೋಗುತ್ತಿದ್ದೆವು. ಇದು ಎಷ್ಟು ಅಭ್ಯಾಸ ಆಗಿಬಿಟ್ಟಿತ್ತು ಅಂದ್ರೆ, ಆ ಮೆಷಿನ್ನಿಗೆ ಅಂತಲೇ ಸ್ಟೋರಿನಲ್ಲಿ ಎರಡು ಕಿಟ್ ಎತ್ತಿಟ್ಟಿರುತ್ತಿದ್ದೆವು. ಯಾಕೆ ಹೋಗ್ತಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಯಾವ ಕಾರ್ಖಾನೆ, ಯಾರ ಮೆಷಿನ್ ಅನ್ನುವುದು ಇಲ್ಲಿ ಬೇಡ. ಕೆಲಸ ಮಾಡಿದವರ ಹೆಸರೂ ಬೇಡ. ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನು ಮಾತ್ರ ಮುಚ್ಚಿಡದೆ ಬರೆಯುತ್ತೇನೆ.

ಮೆಷಿನ್ ಹೇಗಿತ್ತು

ಸಾಲಾಗಿ ಬರುವ ಪೆಟ್ಟಿಗೆಗಳನ್ನು ಪಕ್ಕದ ಲೈನಿಗೆ ತಳ್ಳುವ ಪುಷರ್ ಅದು. ಒಂದು ದಪ್ಪ ಪ್ಲೇಟು, ಅದು ಎರಡು ಗೈಡ್ ರಾಡುಗಳ ಮೇಲೆ ಬುಷ್ (ರಾಡ್ ಮೇಲೆ ಜಾರುವ ಕೊಳವೆ) ಹಾಕಿಕೊಂಡು ಮುಂದೆ ಹಿಂದೆ ಓಡುತ್ತದೆ. ಹಿಂದಿನಿಂದ ಒಂದು ಗಾಳಿ ಸಿಲಿಂಡರ್ ತಳ್ಳುತ್ತದೆ. 63 ಮಿಮೀ ಬೋರ್ (ಒಳವ್ಯಾಸ), 20 ಮಿಮೀ ರಾಡ್, 400 ಮಿಮೀ ಸ್ಟ್ರೋಕ್ (ರಾಡ್ ಓಡುವ ದೂರ). ಐಎಸ್‌ಒ 15552 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಅಳತೆಯ ಮಾಮೂಲಿ ಸಿಲಿಂಡರ್, ಹಾಗಾಗಿ ರಾಡಿನ ತುದಿಯ ಥ್ರೆಡ್ ಎಂ16 (16 ಮಿಮೀ ದಪ್ಪ), ಪಿಚ್, ಅಂದ್ರೆ ಒಂದು ಎಳೆಯಿಂದ ಮುಂದಿನ ಎಳೆಗೆ ದೂರ, 1.5 ಮಿಮೀ. ಗಾಳಿ 6 ಬಾರ್. ಲೆಕ್ಕ ಹಾಕಿದರೆ ತಳ್ಳುವ ಬಲ ಸುಮಾರು 1870 ನ್ಯೂಟನ್, ಅಂದ್ರೆ ಹತ್ತಿರ ಹತ್ತಿರ 190 ಕೆಜಿ. ಪೆಟ್ಟಿಗೆ ತಳ್ಳುವುದಕ್ಕೆ ಇಷ್ಟು ಬೇಕೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಿಲಿಂಡರನ್ನು ಎರಡು ಕಡೆ ಫುಟ್ ಬ್ರಾಕೆಟ್ ಹಾಕಿ ಫ್ರೇಮಿಗೆ ಬೋಲ್ಟ್ ಮಾಡಿದ್ದರು. ರಾಡಿನ ತುದಿಯನ್ನು ಪ್ಲೇಟಿನ ತೂತಿನೊಳಗೆ ತೂರಿಸಿ, ಪ್ಲೇಟಿನ ಆ ಕಡೆ ಒಂದು ನಟ್, ಈ ಕಡೆ ಒಂದು ನಟ್, ಎರಡನ್ನೂ ಗಟ್ಟಿಯಾಗಿ ಬಿಗಿದಿದ್ದರು. ಅಂದ್ರೆ ಸಿಲಿಂಡರ್ ಅಲುಗಾಡುವ ಹಾಗಿಲ್ಲ, ಗೈಡ್ ಅಲುಗಾಡುವ ಹಾಗಿಲ್ಲ, ಎರಡರ ನಡುವಿನ ಜೋಡಣೆಯೂ ಅಲುಗಾಡುವ ಹಾಗಿಲ್ಲ. ಸಿಲಿಂಡರಿನ ದಾರಿ ಮತ್ತು ಗೈಡಿನ ದಾರಿ ಒಂದು ಕೂದಲೂ ವ್ಯತ್ಯಾಸ ಇಲ್ಲದೆ ಸಮಾನಾಂತರ ಇದ್ದರೆ ಮಾತ್ರ ಇದು ಸರಿ. ಹಾಗೆ ಇರುತ್ತಾ ಎಲ್ಲಾದರೂ?

ಮೊದಲು ಮಾಡಿದ ಸರ್ಕಸ್ಸುಗಳು

ಸೀಲ್ ಕಿಟ್ ಮೂರು ಸಲ. ಮೂರನೇ ಸಲ ಬಿಚ್ಚಿದಾಗ ಹಿರಿಯ ಫಿಟ್ಟರ್ ಒಬ್ಬರು ಹಳೆಯ ಸೀಲನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಸಾರ್, ಇದು ಒಂದೇ ಕಡೆ ಸವೆದಿದೆ" ಅಂದರು. ನಾನು "ಹೌದಾ" ಅಂದೆ. ಲೈನ್ ನಿಂತಿತ್ತು, ಪ್ರೊಡಕ್ಷನ್ನಿನವರು ತಲೆ ಮೇಲೆ ನಿಂತಿದ್ದರು, ಹೊಸ ಸೀಲ್ ಹಾಕಿ ಮುಚ್ಚಿದೆವು. ಈ ಪ್ರಕರಣದಲ್ಲಿ ನಮಗೆ ಸಿಕ್ಕ ಮೊದಲ ಸುಳಿವು ಅದೇ. ಕೈಯಲ್ಲಿ ಹಿಡಿದು, ನೋಡಿ, ಕಸದ ಡಬ್ಬಿಗೆ ಎಸೆದೆವು.

ಆಮೇಲೆ ಗಾಳಿಯ ಲೈನಿಗೆ ಲೂಬ್ರಿಕೇಟರ್ ಹಾಕಿ ಎಣ್ಣೆ ಕೊಟ್ಟು ನೋಡಿದೆವು. ಏನೂ ಬದಲಾಗಲಿಲ್ಲ. ಈಗಿನ ಸಿಲಿಂಡರುಗಳು ಒಳಗೆ ಗ್ರೀಸ್ ಹಚ್ಚಿಕೊಂಡೇ ಬರುತ್ತವೆ. ಒಮ್ಮೆ ಎಣ್ಣೆ ಕೊಡಲು ಶುರು ಮಾಡಿದರೆ ಆ ಗ್ರೀಸ್ ತೊಳೆದು ಹೋಗುತ್ತದೆ, ಆಮೇಲೆ ಎಣ್ಣೆ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಆ ಲೂಬ್ರಿಕೇಟರ್ ಇವತ್ತಿಗೂ ಅಲ್ಲೇ ಇದೆ, ನಮ್ಮ ತಪ್ಪಿಗೆ ಗುರುತಾಗಿ.

ಸ್ಪೀಡ್ ಕಡಿಮೆ ಮಾಡಿದೆವು. ಸ್ಟ್ರೋಕಿನ ಕೊನೆಯ ಕಾಲು ಭಾಗದಲ್ಲಿ ರಾಡ್ ತಡವರಿಸಿ ತಡವರಿಸಿ ಹೋಗಲು ಶುರುವಾಯಿತು. ಆಗ ಬಂದ ಸಲಹೆ, "80 ಬೋರಿನದು ಹಾಕಿಬಿಡಿ, ತಾಕತ್ತು ಸಾಲ್ತಿಲ್ಲ". ಅದನ್ನು ಹಾಕಿದ್ದರೆ 3000 ನ್ಯೂಟನ್ ಸಿಗುತ್ತಿತ್ತು, ತಡವರಿಸುವುದು ನಿಲ್ಲುತ್ತಿತ್ತು, ಎಲ್ಲರೂ ಖುಷಿಯಾಗುತ್ತಿದ್ದರು. ಆದರೆ 190 ಕೆಜಿ ತಳ್ಳುವ ಸಿಲಿಂಡರಿಗೆ ನಾಲ್ಕು ಪೆಟ್ಟಿಗೆ ತಳ್ಳಲು ಆಗುತ್ತಿಲ್ಲ ಅಂದ್ರೆ ಉಳಿದ ಬಲ ಎಲ್ಲಿ ಹೋಗ್ತಿದೆ? ಈ ಪ್ರಶ್ನೆ ಮೊದಲ ಸಲ ಆವತ್ತು ಬಂತು. ದೊಡ್ಡ ಸಿಲಿಂಡರ್ ತರಿಸಲಿಲ್ಲ. ಅದೇ ಅಳತೆಯ ಹೊಸದೊಂದು ಹಾಕಿದೆವು. ಅದಕ್ಕೆ ಒಂಬತ್ತು ವಾರ ಬಾಳಿಕೆ ಬಂತು.

ರಾಡ್ ಮುರಿದ ದಿನ

ಹೊಸ ಸಿಲಿಂಡರಿನಲ್ಲಿ ಸೋರಿಕೆ ಶುರುವಾಗಿ ಇನ್ನೂ ವಾರ ಆಗಿರಲಿಲ್ಲ, ರಾಡಿನ ತುದಿಯೇ ಮುರಿದು ಬಿತ್ತು. ಥ್ರೆಡ್ ಶುರುವಾಗುವ ಜಾಗದಲ್ಲಿ, ನಟ್ಟಿನ ಅಂಚಿಗೆ ಸರಿಯಾಗಿ.

ಮುರಿದ ಮುಖವನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದೆವು. ಅರ್ಧಕ್ಕಿಂತ ಜಾಸ್ತಿ ಭಾಗ ನುಣುಪಾಗಿತ್ತು, ಅದರ ಮೇಲೆ ಕಪ್ಪೆಚಿಪ್ಪಿನ ಬೆನ್ನಿನ ಮೇಲೆ ಇರುತ್ತವಲ್ಲ, ಹಾಗೆ ಒಂದರ ಪಕ್ಕ ಒಂದು ಬಾಗಿದ ಗೆರೆಗಳು. ಉಳಿದದ್ದು ಒರಟು, ಮುರಿದ ಬೆಲ್ಲದ ಹಾಗೆ ಹರಳು ಹರಳು. ಇದು ಒಂದೇ ಏಟಿಗೆ ಮುರಿದದ್ದಲ್ಲ. ಪ್ರತಿ ಸ್ಟ್ರೋಕಿಗೂ ರಾಡ್ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ಬಿರುಕು ಇಂಚಿಂಚಾಗಿ ಒಳಗೆ ಹೋಗಿ, ಕೊನೆಗೆ ಉಳಿದ ಚೂರು ಲೋಹ ತಡೆಯಲಾಗದೆ ಕಿತ್ತುಕೊಂಡಿತ್ತು. ಗೆರೆಗಳು ಶುರುವಾಗಿದ್ದು ರಾಡಿನ ಒಂದೇ ಬದಿಯಿಂದ.

ಆವತ್ತು ಸಿಲಿಂಡರನ್ನು ಪೂರ್ತಿ ಬಿಚ್ಚಿದೆವು. ರಾಡ್ ಹೊರಬರುವ ಬಾಯಲ್ಲಿರುವ ಮುಂದಿನ ಬುಷ್ ಮೇಲ್ಭಾಗದಲ್ಲಿ ಸವೆದು ಮೊಟ್ಟೆಯಾಕಾರ ಆಗಿತ್ತು. ಬ್ಯಾರಲ್ಲಿನ (ಸಿಲಿಂಡರಿನ ಕೊಳವೆಯ) ಒಳಗೆ, ಮುಂದಿನ ತುದಿಯ ಹತ್ತಿರ, ಕೆಳಭಾಗದಲ್ಲಿ ಗೀರು. ಮೇಲೆ ಬುಷ್, ಕೆಳಗೆ ಪಿಸ್ಟನ್, ಅಂದ್ರೆ ರಾಡಿನ ಒಳ ತುದಿಯಲ್ಲಿ ಗಾಳಿ ತಳ್ಳುವ ಬಿಲ್ಲೆ. ಈ ಕರ್ಣ ಗುರುತು ಕಂಡರೆ ಬೇರೆ ಸಾಕ್ಷಿ ಬೇಡ, ರಾಡಿನ ತುದಿಯನ್ನು ಯಾರೋ ಮೇಲಕ್ಕೆ ಎತ್ತುತ್ತಿದ್ದಾರೆ. ಸನಿಕೆ ಹಿಡಿಯನ್ನು ಕಲ್ಲಿನ ಮೇಲೆ ಇಟ್ಟು ಮೀಟುವ ಹಾಗೆ, ಬುಷ್ಷೇ ಆನಿಕೆ ಕಲ್ಲು, ಪಿಸ್ಟನ್ ಇನ್ನೊಂದು ತುದಿ.

ಲೆಕ್ಕವೂ ಹಾಗೇ. ಪೂರ್ತಿ ಚಾಚಿದಾಗ ನಮ್ಮ ಸಿಲಿಂಡರಿನಲ್ಲಿ ಪಿಸ್ಟನ್ನಿಂದ ಬುಷ್ಷಿಗೆ 90 ಮಿಮೀ, ಬುಷ್ಷಿಂದ ರಾಡಿನ ತುದಿಗೆ 450 ಮಿಮೀ. ತುದಿಯಲ್ಲಿ 10 ಕೆಜಿ ಪಕ್ಕಕ್ಕೆ ಒತ್ತಿದರೆ ಪಿಸ್ಟನ್ ಮೇಲೆ 50 ಕೆಜಿ, ಬುಷ್ ಮೇಲೆ 60 ಕೆಜಿ. ಅಷ್ಟು ಸಣ್ಣ ಬುಷ್ ಇದನ್ನು ದಿನಕ್ಕೆ ಸಾವಿರಾರು ಸಲ ತಡೆಯಬೇಕು. ಆ ಬುಷ್ಷನ್ನು ರಾಡಿಗೆ ದಾರಿ ತೋರಿಸಲು ಇಟ್ಟಿರುತ್ತಾರೆ, ಭಾರ ಹೊರಲು ಅಲ್ಲ.

ಅಳೆದು ನೋಡಿದಾಗ

ಎಲ್ಲರೂ ಹೇಳಿದ್ದು ಒಂದೇ ಮಾತು: "ಅಲೈನ್‌ಮೆಂಟ್ ಸರಿ ಇದೆ, ನಾವೇ ನೋಡಿ ಕೂರಿಸಿದ್ದು." ಸುಳ್ಳಲ್ಲ. ನೋಡಿದ್ದರು. ರಾಡ್ ಒಳಗೆ ಇದ್ದಾಗ ನೋಡಿದ್ದರು.

ನಾವು ಮಾಡಿದ್ದು ಇಷ್ಟು. ಗಾಳಿ ಬಂದ್ ಮಾಡಿ, ಎರಡೂ ಕಡೆಯ ಗಾಳಿ ಬಿಟ್ಟು, ರಾಡನ್ನು ಪ್ಲೇಟಿನಿಂದ ಬಿಡಿಸಿದೆವು. ತುದಿ ಪ್ಲೇಟಿನಿಂದ ಒಂದು ಬೆರಳು ಹಿಂದೆ ಇರುವ ಹಾಗೆ ಇಟ್ಟುಕೊಂಡೆವು. ಪ್ಲೇಟಿನ ಮೇಲೆ ಮ್ಯಾಗ್ನೆಟ್ ಬೇಸ್ ಕೂರಿಸಿ, ಸಣ್ಣ ಸರಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಕಡ್ಡಿ ರಾಡಿನ ತುದಿಯ ಮೇಲೆ ಕೂರುವ ಹಾಗೆ ಮಾಡಿ, ಸೊನ್ನೆಗೆ ತಂದೆವು. ಆಮೇಲೆ ಒಬ್ಬರು ಪ್ಲೇಟು, ಒಬ್ಬರು ರಾಡು, ಇಬ್ಬರೂ ಒಟ್ಟಿಗೆ ನಿಧಾನಕ್ಕೆ ಮುಂದಕ್ಕೆ. ಅರ್ಧ ದೂರಕ್ಕೆ ಮುಳ್ಳು 1 ಮಿಮೀ ದಾಟಿತ್ತು. ಕೊನೆಗೆ ಹೋಗಿ ನಿಂತಾಗ 2.1. ಗೇಜನ್ನು ಪಕ್ಕಕ್ಕೆ ತಿರುಗಿಸಿ ಮತ್ತೊಮ್ಮೆ ಮಾಡಿದಾಗ 0.4. ಅಂದ್ರೆ ಪಕ್ಕಕ್ಕೆ ಪರವಾಗಿಲ್ಲ, ಆದರೆ ಸಿಲಿಂಡರಿನ ಮೂತಿ ಕೆಳಗೆ ಬಾಗಿದೆ.

ಕೋನದಲ್ಲಿ ಹೇಳಿದರೆ ಇದು ಅರ್ಧ ಡಿಗ್ರಿಯೂ ಅಲ್ಲ, ಸುಮಾರು 0.3. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 20 ಮಿಮೀ ರಾಡಿನ ತುದಿಯನ್ನು 450 ಮಿಮೀ ದೂರದಲ್ಲಿ 2 ಮಿಮೀ ಎತ್ತಲು ಸುಮಾರು 100 ನ್ಯೂಟನ್ ಬೇಕು, ಅದೇ ಮೇಲೆ ಹೇಳಿದ 10 ಕೆಜಿ. ತುದಿಯನ್ನು ಎರಡು ನಟ್ ಹಾಕಿ ತಿರುಗದ ಹಾಗೆ ಹಿಡಿದಿದ್ದರೆ ಅದರ ನಾಲ್ಕು ಪಟ್ಟಿನ ತನಕ ಹೋಗಬಹುದು. ಥ್ರೆಡ್ ಬುಡದಲ್ಲಿ ಮುರಿದದ್ದು ಯಾಕೆ ಅಂತ ಈಗ ಅರ್ಥ ಆಯಿತಲ್ಲ.

ಇಲ್ಲಿ ಒಂದು ಪಕ್ಕದ ಮಾತು, ಇದನ್ನು ತುಂಬಾ ಜನ ತಲೆಕೆಳಗಾಗಿ ತಿಳಿದಿರುತ್ತಾರೆ. ರಾಡ್ ಚಾಚಿದಾಗ ಉದ್ದ ಜಾಸ್ತಿ, ಬಳುಕುತ್ತದೆ, ಹಾಗಾಗಿ 1 ಮಿಮೀ ತಪ್ಪನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ರಾಡ್ ಒಳಗಿದ್ದು ಬರೀ 50 ಮಿಮೀ ಹೊರಗಿದ್ದಾಗ ಅದು ಬಳುಕುವುದೇ ಇಲ್ಲ. ಉದ್ದ ಒಂಬತ್ತನೇ ಒಂದು ಆದರೆ ಬಾಗಿಸಲು ಬೇಕಾದ ಬಲ 729 ಪಟ್ಟು. ಹಾಗಾಗಿ ಸಿಲಿಂಡರ್ ಪೂರ್ತಿ ಪಕ್ಕಕ್ಕೆ ಸರಿದು ಕೂತಿದ್ದರೆ ಏಟು ಬೀಳುವುದು ಒಳ ತುದಿಯಲ್ಲಿ, ಓರೆಯಾಗಿ ಕೂತಿದ್ದರೆ ಹೊರ ತುದಿಯಲ್ಲಿ. ಒಂದು ಕಡೆ ಮಾತ್ರ ನೋಡಿ ಸರಿ ಇದೆ ಅನ್ನಬಾರದು.

ಮುಂದಿನ ಬ್ರಾಕೆಟ್ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು ಎತ್ತಿದೆವು. ಹತ್ತಿರ ಹತ್ತಿರ 3 ಮಿಮೀ ಬೇಕಾಯಿತು. ಈಗ ಕೊನೆಯಲ್ಲಿ 0.3. ಕೈ ತೊಳೆದುಕೊಂಡೆವು.

ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಮತ್ತೆ ಬುಸ್.

ಯಾಕೆ ಅಂತ ನೋಡಲು ಈ ಸಲ ಡಯಲ್ ಗೇಜನ್ನು ಬ್ರಾಕೆಟ್ ಮೇಲೆ ಇಟ್ಟು, ಗಾಳಿ ಕೊಟ್ಟು, ಮೆಷಿನ್ ಓಡಿಸಿದೆವು. ಪ್ರತಿ ಸಲ ಪ್ಲೇಟು ಪೆಟ್ಟಿಗೆಗೆ ತಾಗಿದಾಗಲೂ ಬ್ರಾಕೆಟ್ ಹಿಂದಕ್ಕೆ ವಾಲುತ್ತಿತ್ತು, ಬಿಟ್ಟಾಗ ಮುಂದಕ್ಕೆ. ನಿಂತ ಮೆಷಿನ್ನಿನಲ್ಲಿ ಅಳೆದ 0.3 ಓಡುವ ಮೆಷಿನ್ನಿಗೆ ಲೆಕ್ಕಕ್ಕೇ ಇಲ್ಲ. ಫ್ರೇಮನ್ನು ಕಲ್ಲಿನ ಹಾಗೆ ಗಟ್ಟಿ ಮಾಡುವುದು ಒಂದು ದಾರಿ, ಅದಕ್ಕೆ ಲೈನ್ ವಾರಗಟ್ಟಲೆ ನಿಲ್ಲಬೇಕು. ಇನ್ನೊಂದು ದಾರಿ, ನಡುವಿನ ಜೋಡಣೆಯಲ್ಲೇ ಸ್ವಲ್ಪ ಸಡಿಲ ಇಡುವುದು.

ಕಪ್ಲಿಂಗ್ ಬಂತು, ತೊಂದರೆ ಹೋಗಲಿಲ್ಲ

ಸೆಲ್ಫ್ ಅಲೈನಿಂಗ್ ಕಪ್ಲಿಂಗ್ ನೋಡಲು ಏನೂ ಅಲ್ಲ. ಒಂದು ಗೂಡು, ಅದರೊಳಗೆ ಗುಂಡು ತಲೆಯ ಒಂದು ಸ್ಟಡ್. ಗೂಡನ್ನು ರಾಡಿಗೆ ಹಾಕಿ ಲಾಕ್ ನಟ್ ಬಿಗಿಯಬೇಕು, ಸ್ಟಡ್ಡನ್ನು ಪ್ಲೇಟಿಗೆ. ಗುಂಡು ಒಳಗೆ ಕೆಲವು ಡಿಗ್ರಿ ಆ ಕಡೆ ಈ ಕಡೆ ವಾಲುತ್ತದೆ, ಕೆಲವು ಮಾದರಿಗಳಲ್ಲಿ ಪಕ್ಕಕ್ಕೂ ಸ್ವಲ್ಪ ಸರಿಯುತ್ತದೆ. ನಮ್ಮದರಲ್ಲಿ 4 ಡಿಗ್ರಿ, ಪಕ್ಕಕ್ಕೆ 1 ಮಿಮೀ. ತಳ್ಳುವುದು ಎಳೆಯುವುದು ಮಾತ್ರ ದಾಟುತ್ತದೆ, ಬಗ್ಗಿಸುವುದು ದಾಟುವುದಿಲ್ಲ. ಆ 1 ಮಿಮೀ ನೋಡಿ: ಶಿಮ್ ಹಾಕುವ ಮೊದಲಿದ್ದ 2.1ಕ್ಕೆ ಇದನ್ನು ಹಾಕಿದ್ದರೆ ಗುಂಡು ಗೂಡಿನ ಗೋಡೆಗೆ ತಾಗಿ ನಿಲ್ಲುತ್ತಿತ್ತು, ಮತ್ತೆ ಹಳೇ ಕಥೆ.

ಮೊದಲು ಬಂದದ್ದು ತಪ್ಪು ಮಾಲು. ಆರ್ಡರಿನಲ್ಲಿ ಬರೀ ಎಂ16 ಅಂತ ಬರೆದಿದ್ದೆವು, 2 ಪಿಚ್ಚಿನದು ಬಂತು. ಒಂದೂವರೆ ಸುತ್ತು ಹೋಗಿ ಕಚ್ಚಿಕೊಂಡಿತು. ಹೊಸ ಹುಡುಗ ಉದ್ದದ ಸ್ಪ್ಯಾನರಿಗೆ ಕೈ ಹಾಕುವಷ್ಟರಲ್ಲಿ ತಡೆದೆವು. ಸರಿಯಾದದ್ದು ಬಂದಾಗ ಇನ್ನೊಂದು ತಲೆನೋವು: ಕಪ್ಲಿಂಗಿನ ಉದ್ದದಷ್ಟೇ ಪ್ಲೇಟು ಮುಂದೆ ಹೋಯಿತು. "ಥ್ರೆಡ್ ಒಂದಿಷ್ಟು ಕಡಿಮೆ ಕಚ್ಚಿಸೋಣ" ಅಂತ ಒಬ್ಬರು ಅಂದರು. ಬೇಡ ಅಂದು ಬ್ರಾಕೆಟ್ಟಿಗೆ ಹೊಸ ತೂತು ಹೊಡೆದು ಸಿಲಿಂಡರನ್ನೇ ಹಿಂದೆ ಸರಿಸಿದೆವು. ಅರ್ಧ ದಿನ ಹೋಯಿತು. ಬಿಗಿಯುವಾಗ ರಾಡಿನ ತುದಿಯಲ್ಲಿ 17ರ ಸ್ಪ್ಯಾನರಿಗೆ ಅಂತಲೇ ಚಪ್ಪಟೆ ಇರುತ್ತದೆ, ಅದನ್ನೇ ಹಿಡಿಯಿರಿ. ಕ್ರೋಮ್ ಮೇಲೆ ಪೈಪ್ ರೆಂಚ್ ಹಾಕಿದರೆ ಒಂದೊಂದು ಹಲ್ಲಿನ ಗುರುತೂ ಸೀಲಿಗೆ ಗರಗಸ.

ಓಡಿಸಿದೆವು. ರಾಡ್ ನೀರಿನ ಹಾಗೆ ಹೋಯಿತು. ಆದರೆ ಪ್ಲೇಟು ಗಡಗಡ ಅನ್ನಲು ಶುರು ಮಾಡಿತು. ಪೆಟ್ಟಿಗೆ ಒಂದು ಮೂಲೆಗೆ ಸಿಕ್ಕರೆ ಪ್ಲೇಟು ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೊದಲು ಹೀಗೆ ಆಗುತ್ತಿರಲಿಲ್ಲ. "ಕಪ್ಲಿಂಗ್ ಹಾಕಿ ಇದ್ದದ್ದನ್ನೂ ಕೆಡಿಸಿದ್ರಿ" ಅಂತ ಬೈಗುಳ ಬಂತು, ತೆಗೆದುಬಿಡಿ ಅಂತಲೂ ಹೇಳಿದರು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ತೆಗೆಯುವ ಮುಂಚೆ ಸುಮ್ನೆ ಒಮ್ಮೆ ಅಂತ ಆ ಹಿರಿಯ ಫಿಟ್ಟರ್ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಕಳಚಿದ ಕಿಟಕಿ ಬಾಗಿಲಿನ ಹಾಗೆ ಅಲುಗಾಡಿತು. ಗೈಡ್ ಬುಷ್ಷುಗಳು ಸವೆದು ಹೋಗಿ ಯಾವ ಕಾಲವಾಗಿತ್ತೋ. ಒಂದು ಗೈಡ್ ರಾಡಿನಲ್ಲಿ ಉಗುರು ಸಿಗುವಷ್ಟು ಗೀರು ಬಿದ್ದಿತ್ತು.

ಅಂದ್ರೆ ಇಷ್ಟು ದಿನ ಪ್ಲೇಟನ್ನು ನೆಟ್ಟಗೆ ಹಿಡಿದಿದ್ದು ಸಿಲಿಂಡರ್ ರಾಡು. ಗೈಡಿನ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತಾ, ಅದಕ್ಕೆ ಬೆಲೆಯಾಗಿ ಆರು ವಾರಕ್ಕೊಂದು ಸೀಲ್ ಕೊಡುತ್ತಾ ಇತ್ತು. ಕಪ್ಲಿಂಗ್ ಹಾಕಿದ ತಕ್ಷಣ ರಾಡ್ ಆ ಕೆಲಸ ಬಿಟ್ಟಿತು, ಗೈಡಿನ ಬಣ್ಣ ಬಯಲಾಯಿತು. ಕಪ್ಲಿಂಗ್ ತೆಗೆದು ಮತ್ತೆ ನಟ್ ಹಾಕಿದ್ದರೆ ಪ್ಲೇಟು ಖಂಡಿತ ನೆಟ್ಟಗಾಗುತ್ತಿತ್ತು, ಅದೇ ಇದರ ಅಪಾಯ.

ಎರಡೂ ಗೈಡ್ ರಾಡ್, ನಾಲ್ಕೂ ಬುಷ್ ಬದಲಾಯಿಸಿ, ಅಲೈನ್‌ಮೆಂಟನ್ನು ಮತ್ತೆ ಎರಡೂ ತುದಿಯಲ್ಲಿ ನೋಡಿ, ಕಪ್ಲಿಂಗನ್ನು ಹಾಗೇ ಇಟ್ಟೆವು. ಗಾಳಿಯನ್ನು 4 ಬಾರ್ ಒತ್ತಡಕ್ಕೆ ಇಳಿಸಿದರೂ ಪುಷರ್ ಆರಾಮಾಗಿ ಓಡಿತು. 80 ಬೋರ್ ಕೇಳಿದವರು ಆ ದಿನ ರಜೆಯಲ್ಲಿದ್ದರು, ನನಗೆ ಸ್ವಲ್ಪ ಬೇಜಾರಾಯಿತು.

ಒಳ್ಳೆ ಮನಸ್ಸಿನ ಒಂದು ವೆಲ್ಡಿಂಗ್

ಐದು ತಿಂಗಳ ಮೇಲೆ ಮತ್ತೆ ಸೋರಿಕೆ. ಈ ಸಲ ನಿಜವಾಗಿಯೂ ತಲೆ ಕೆಟ್ಟಿತು. ಹೋಗಿ ನೋಡಿದರೆ ಕಪ್ಲಿಂಗಿನ ಗೂಡಿಗೂ ಸ್ಟಡ್ಡಿಗೂ ಸೇರಿಸಿ ಮೂರು ಕಡೆ ವೆಲ್ಡಿಂಗ್ ಚುಕ್ಕೆ. ರಾತ್ರಿ ಪಾಳಿಯವನು ಕೈಯಲ್ಲಿ ಹಿಡಿದು ನೋಡಿದ್ದಾನೆ, ಅಲುಗಾಡಿದೆ, ಲೂಸ್ ಆಗಿದೆ ಅಂದುಕೊಂಡು ಟ್ಯಾಕ್ ಹೊಡೆದಿದ್ದಾನೆ. ಕೇಳಿದಾಗ "ಬೀಳಬಾರದು ಅಂತ ಹಾಕಿದೆ ಅಣ್ಣಾ" ಅಂದ. ಅವನಿಗೆ ಯಾರೂ ಹೇಳಿರಲಿಲ್ಲ, ಬೈಯಲು ಬಾಯಿ ಬರಲಿಲ್ಲ.

ಆ ವೆಲ್ಡಿಂಗ್ ಎರಡು ರೀತಿ ಕೆಡಿಸಿತ್ತು. ಜೋಡಣೆ ಮತ್ತೆ ಬಿಗಿಯಾಯಿತು, ಅದು ಒಂದು. ಇನ್ನೊಂದು, ರಾಡಿನ ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ಕಿಡಿಗಳು ಅಂಟಿಕೊಂಡಿದ್ದವು. ಕಣ್ಣಿಗೆ ಸರಿಯಾಗಿ ಕಾಣದು, ಬೆರಳು ಆಡಿಸಿದರೆ ಚುಚ್ಚುತ್ತದೆ. ಪ್ರತಿ ಸಲ ರಾಡ್ ಒಳಗೆ ಹೋದಾಗಲೂ ಅವು ರಾಡಿನ ಕೊಳೆ ಒರೆಸುವ ವೈಪರನ್ನೂ ಸೀಲನ್ನೂ ಕೊರೆದಿದ್ದವು. ಸಿಲಿಂಡರೇ ಹೋಯಿತು.

ಹೊಸದು ಹಾಕಿ ಈಗ ಹದಿನಾಲ್ಕು ತಿಂಗಳು. ಸೀಲ್ ಇನ್ನೂ ಮೊದಲಿನದೇ. ಕಪ್ಲಿಂಗಿನ ಮೇಲಿನ ಫ್ರೇಮಿಗೆ ಹಳದಿ ಬಣ್ಣದಲ್ಲಿ "ಇದು ಅಲುಗಾಡಬೇಕು, ಬಿಗಿ ಮಾಡಬೇಡಿ" ಅಂತ ಬರೆಸಿದ್ದೇವೆ. ತಿಂಗಳಿಗೊಮ್ಮೆ ಗಾಳಿ ಬಿಟ್ಟು, ಕಪ್ಲಿಂಗನ್ನು ಕೈಯಲ್ಲಿ ವಾಲಿಸಿ ನೋಡುತ್ತೇವೆ, ಗ್ರೀಸ್ ಹಚ್ಚುತ್ತೇವೆ, ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುತ್ತೇವೆ. ಕಪ್ಲಿಂಗ್ ಅಲುಗಾಡಬೇಕು, ಪ್ಲೇಟು ಅಲುಗಾಡಬಾರದು.

ಇದು ಸರಿಹೋದ ಸುದ್ದಿ ಹಬ್ಬಿ, ಪಕ್ಕದ ವಿಭಾಗದವರು ತಮ್ಮ ಮೆಷಿನ್ನಿಗೂ ಎರಡು ಕಪ್ಲಿಂಗ್ ಬೇಕು ಅಂತ ಕೇಳಿದರು. ಹೋಗಿ ನೋಡಿದೆವು. ಅಲ್ಲಿ ಗೈಡೇ ಇರಲಿಲ್ಲ, ರಾಡಿನ ತುದಿಗೆ ಒಂದು ಭಾರದ ತಟ್ಟೆ ನೇತಾಡುತ್ತಿತ್ತು. ಇಲ್ಲಿ ಕಪ್ಲಿಂಗ್ ಹಾಕಿದರೆ ತಟ್ಟೆ ತಲೆ ತಗ್ಗಿಸಿ ನಿಲ್ಲುತ್ತದೆ ಅಷ್ಟೇ, ಮೊದಲು ಗೈಡ್ ಹಾಕಿಸಿ ಅಂದೆವು. ಇನ್ನೊಂದು ಮೆಷಿನ್ನಿನಲ್ಲಿ ಸಿಲಿಂಡರ್ ಒಂದು ತೋಳನ್ನು ಎತ್ತುತ್ತಿತ್ತು, ತೋಳು ಮೇಲೆ ಹೋದಂತೆ ರಾಡಿನ ಕೋನವೇ ಮೂವತ್ತು ಡಿಗ್ರಿ ಬದಲಾಗುತ್ತದೆ. ಅದಕ್ಕೆ ನಾಲ್ಕು ಡಿಗ್ರಿಯ ಕಪ್ಲಿಂಗ್ ಏನು ಮಾಡೀತು? ಹಿಂದೆ ಕ್ಲೆವಿಸ್ (ಪಿನ್ನಿನ ಮೇಲೆ ತಿರುಗುವ ಕವಲು) ಹಾಕಿ, ಮುಂದೆ ರಾಡ್ ಐ (ಪಿನ್ ಕೂರುವ ಬಳೆ) ಹಾಕಿ, ಸಿಲಿಂಡರೇ ತೂಗುವ ಹಾಗೆ ಮಾಡಿಕೊಟ್ಟೆವು. ಅವರು ತರಿಸಿಟ್ಟಿದ್ದ ಎರಡು ಕಪ್ಲಿಂಗ್ ಈಗ ನಮ್ಮ ಸ್ಟೋರಿನಲ್ಲಿವೆ, ಮೊದಲು ಸೀಲ್ ಕಿಟ್ ಇಡುತ್ತಿದ್ದ ಅದೇ ಕಪಾಟಿನಲ್ಲಿ.